ವಿದ್ವಾಂಸನ ಮೇಜು, ಕಚೇರಿಯ ಕಡತ

ನಮ್ಮ ಮನೆಗಳಲ್ಲಿ ಇಂದು ಪಿಎಚ್.ಡಿ. ಎಂಬ ಮಾತು ಅಪರೂಪದ್ದಾಗಿ ಉಳಿದಿಲ್ಲ. ಒಂದು ಕಾಲಕ್ಕೆ ಊರಿಗೊಬ್ಬ ಪದವೀಧರನಿದ್ದರೆ ಅದೇ ದೊಡ್ಡ ಹೆಮ್ಮೆ. ಇಂದು ಒಕ್ಕಲುತನವನ್ನೇ ನಂಬಿದ ಕುಟುಂಬಗಳ ಹೆಣ್ಣುಮಕ್ಕಳು ಕೂಡ ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನೆಗೆ ಹೆಸರು ನೋಂದಾಯಿಸುತ್ತಿದ್ದಾರೆ. ಸಂತೋಷಪಡತಕ್ಕ ಸಂಗತಿಯೇ ಸರಿ. ಮದುವೆ, ಗೃಹಪ್ರವೇಶಗಳಲ್ಲಿ ಕೂಡಿದ ನೆಂಟರಿಷ್ಟರು ಇಂಥ ಮಕ್ಕಳನ್ನು ಕಂಡೊಡನೆ ಎರಡು ಪ್ರಶ್ನೆ ಕೇಳುವುದು ವಾಡಿಕೆ: ವಿಷಯ ಯಾವುದು? ಗೈಡ್ ಯಾರು? ಮೂರನೆಯ ಪ್ರಶ್ನೆಯೊಂದುಂಟು, ಅದನ್ನು ಯಾರೂ ಕೇಳುವುದಿಲ್ಲ. ಆ ವಿಶ್ವವಿದ್ಯಾನಿಲಯದ ಕಚೇರಿ ಹೇಗಿದೆ?

ವಿದ್ಯೆಗೂ ಕಚೇರಿಗೂ ಏನು ಸಂಬಂಧ ಎಂದು ಕೆಲವರು ನಗಬಹುದು. ಆದರೆ ಆ ಸಂಬಂಧ ಅತಿ ನಿಕಟವಾದುದು. ಪ್ರಾಧ್ಯಾಪಕರ ಸಂಶೋಧನೆ ಮುಂದುವರಿಯುವುದೋ ನಿಂತುಹೋಗುವುದೋ ಎಂಬುದು ಅನೇಕ ಸಲ ಪ್ರಯೋಗಾಲಯದಲ್ಲಿ ನಿರ್ಧಾರವಾಗದೆ, ಕುಲಸಚಿವರ ಮತ್ತು ಹಣಕಾಸು ಅಧಿಕಾರಿಗಳ ಕೊಠಡಿಗಳಲ್ಲಿ ನಿರ್ಧಾರವಾಗುತ್ತದೆ. ಆ ಕೊಠಡಿಗಳ ಕೆಲಸವೇನು, ಅದು ಕೆಟ್ಟರೆ ನೋವು ಯಾರಿಗೆ ಎಂಬುದನ್ನು ಮನೆಮಂದಿಗೆಲ್ಲ ತಿಳಿಯುವಂತೆ ಇಲ್ಲಿ ವಿವರಿಸಬೇಕೆಂಬುದು ನಮ್ಮ ಅಪೇಕ್ಷೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಇಂಥ ಪ್ರಾಧ್ಯಾಪಕರಿಗೆ ಇಷ್ಟು ಲಕ್ಷ ರೂಪಾಯಿಯ ಸಂಶೋಧನಾ ಯೋಜನೆ ಮಂಜೂರಾಯಿತೆಂದು ಪತ್ರಿಕೆಯಲ್ಲಿ ಸುದ್ದಿ ಬಂದರೆ, ಅಷ್ಟು ಹಣ ಅವರ ಕೈಸೇರಿತೆಂದು ಜನ ಭಾವಿಸುತ್ತಾರೆ. ಹಾಗಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಾಗಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಾಗಲಿ, ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತಾಗಲಿ ಹಣವನ್ನು ಕೊಡುವುದು ಸಂಸ್ಥೆಗೆ. ಅರ್ಜಿ ಹೋಗುವಾಗಲೇ ಸಂಸ್ಥೆಯ ಮುಖ್ಯಸ್ಥರ ಒಪ್ಪಿಗೆ ಪತ್ರ ಅದರ ಜೊತೆಗಿರಬೇಕು. ಹಣ ಬಂದು ಸೇರುವುದು ಸಂಸ್ಥೆಯ ಖಾತೆಗೆ. ಪ್ರಾಧ್ಯಾಪಕರನ್ನು ಪ್ರಧಾನ ಸಂಶೋಧಕರೆಂದು ಕರೆಯುತ್ತಾರೆ; ಯಾವುದಕ್ಕೆ ಎಷ್ಟು ಎಂದು ಅವರು ಹೇಳಬಲ್ಲರು, ಆದರೆ ಚೆಕ್ಕಿಗೆ ರುಜು ಹಾಕುವವರು ಬೇರೆ. ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ 2000ದ ಅಧಿನಿಯಮದಲ್ಲಿ ಕುಲಪತಿಗಳ ಕೆಳಗೆ ಆಡಳಿತದ ಕುಲಸಚಿವರು, ಮೌಲ್ಯಮಾಪನದ ಕುಲಸಚಿವರು, ಹಣಕಾಸು ಅಧಿಕಾರಿ ಎಂದು ಅಧಿಕಾರಿಗಳನ್ನು ಪ್ರತ್ಯೇಕಿಸಿರುವುದು ಸುಮ್ಮನೆ ಅಲ್ಲ. ಜ್ಞಾನವನ್ನು ಅರಸುವವನ ಕೈಗೂ ಹಣವನ್ನು ಕಾಯುವವನ ಕೈಗೂ ನಡುವೆ ಒಂದು ಅಂತರವಿರಲಿ ಎಂಬುದೇ ಅದರ ಉದ್ದೇಶ.

ಈ ಹಣದ ಮೇಲಿನ ಕಟ್ಟುಪಾಡು ಎಷ್ಟು ಬಿಗಿಯೆಂಬುದಕ್ಕೆ ಒಂದು ನಿದರ್ಶನ ಸಾಕು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಅನುದಾನದ ಹಣ ಬ್ಯಾಂಕಿನಲ್ಲಿದ್ದಾಗ ಅದಕ್ಕೆ ಬಂದ ಬಡ್ಡಿಯೂ ಲೆಕ್ಕ ಮುಗಿದ ಕೂಡಲೇ ಭಾರತ ಸರ್ಕಾರದ ಸಂಚಿತ ನಿಧಿಗೆ ಮರಳಬೇಕು. ಕೊಂಡ ಯಂತ್ರ ದಾಸ್ತಾನು ಪುಸ್ತಕದಲ್ಲಿ ಏರಬೇಕು. ದರಪಟ್ಟಿಗಳನ್ನು ತರಿಸಿ ಹೋಲಿಸಿ ನೋಡಬೇಕು. ವರ್ಷ ಮುಗಿದಾಗ ಹಣಬಳಕೆ ಪ್ರಮಾಣಪತ್ರ ಹೋಗಬೇಕು. ಕಚೇರಿಯವರ ಬಾಯಲ್ಲಿ ಅದು ಯು.ಸಿ. ಈ ಎರಡಕ್ಷರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಅನೇಕ ತರುಣರ ಅನ್ನ ಇದರಲ್ಲಿ ಅಡಗಿದೆ. ಅದನ್ನು ಮುಂದೆ ಹೇಳುತ್ತೇವೆ.

ಕಚೇರಿಯೇ ಇಲ್ಲದೆ ಸಂಶೋಧನೆ ನಡೆಯದೇ? ನಡೆದಿದೆ. ನಮ್ಮ ಓದುಗರಿಗೆ ಫ.ಗು. ಹಳಕಟ್ಟಿಯವರ ಹೆಸರನ್ನು ಪರಿಚಯಿಸಬೇಕಾಗಿಲ್ಲ. ವಿಜಾಪುರದಲ್ಲಿ ವಕೀಲಿ ಮಾಡಿಕೊಂಡು, ಊರೂರಿನ ಓಲೆಗರಿಗಳನ್ನು ಕಲೆಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಆ ಮಹನೀಯರ ಹಿಂದೆ ಯಾವ ವಿಶ್ವವಿದ್ಯಾನಿಲಯವೂ ಇರಲಿಲ್ಲ. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಅವರ ತ್ಯಾಗವನ್ನು ನಾವೆಲ್ಲ ಕೊಂಡಾಡುತ್ತೇವೆ, ಕೊಂಡಾಡಲೇಬೇಕು. ಆದರೆ ವಿದ್ವಾಂಸನು ಮನೆ ಮಾರಿಯೇ ಸಂಶೋಧನೆ ಮಾಡಬೇಕೆಂಬುದು ಒಂದು ಸಮಾಜಕ್ಕೆ ಶೋಭಿಸುವ ವ್ಯವಸ್ಥೆಯಲ್ಲ. 1993ರಲ್ಲಿ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಲ್ಲಿ ಹೊರಬಂದವು. ಎಂ.ಎಂ. ಕಲಬುರ್ಗಿಯವರು ಅವುಗಳ ಪ್ರಧಾನ ಸಂಪಾದಕರು. ಸಂಪಾದಕರಾಗಿ ದುಡಿದ ವಿದ್ವಾಂಸರು ಹಲವರು. ಹಣ ಕರ್ನಾಟಕ ಸರ್ಕಾರದ್ದು. ಈ ಎರಡು ಕೆಲಸಗಳ ನಡುವಿನ 70 ವರ್ಷಗಳಲ್ಲಿ ನಮ್ಮಲ್ಲಿ ಬೆಳೆದದ್ದು ವಿದ್ವತ್ತು ಮಾತ್ರವಲ್ಲ. ವಿದ್ವತ್ತಿನ ಬೆನ್ನಿಗೆ ನಿಂತು ಸಂಬಳ, ಕಾಗದ, ಮುದ್ರಣ, ಪ್ರಯಾಣಗಳ ಲೆಕ್ಕವಿಡುವ ವ್ಯವಸ್ಥೆಯೂ ಬೆಳೆಯಿತು.

ಬೆನ್ನಿಗೆ ನಿಲ್ಲುವ ಕೈಯೇ ಕೊರಳಪಟ್ಟಿ ಹಿಡಿಯುವುದೂ ಉಂಟು. ಇದು ಇಂದಿನ ಜಗಳವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸದಲ್ಲಿ ಇದಕ್ಕೆ ದೊಡ್ಡದೊಂದು ನಿದರ್ಶನ ದೊರೆಯುತ್ತದೆ. ಜಮ್‌ಶೆಟ್‌ಜಿ ಟಾಟಾ ಅವರ ದಾನದಿಂದಲೂ ಮೈಸೂರು ಅರಸು ಮನೆತನ ಕೊಟ್ಟ ಭೂಮಿಯಿಂದಲೂ 1909ರಲ್ಲಿ ರೂಪುಗೊಂಡ ಆ ಸಂಸ್ಥೆಗೆ 1933ರಲ್ಲಿ ಸರ್ ಸಿ.ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ನೊಬೆಲ್ ಪಾರಿತೋಷಕ ದೊರೆತು ಮೂರೇ ವರ್ಷವಾಗಿತ್ತು. ಬಂದೊಡನೆ ಭೌತವಿಜ್ಞಾನ ವಿಭಾಗವನ್ನು ತೆರೆದರು. ಹಿಟ್ಲರನ ಆಳ್ವಿಕೆಯಿಂದಾಗಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿ, ಅವರಿಗೆ ಖಾಯಂ ಪೀಠವೊಂದನ್ನು ಕೊಡಿಸಬೇಕೆಂದು ಪಟ್ಟುಹಿಡಿದರು. ಆದರೆ ಸಂಸ್ಥೆಯ ವರಮಾನ ಮಿತವಾದುದು. ಇದ್ದ ಹಣವೆಲ್ಲ ಭೌತವಿಜ್ಞಾನಕ್ಕೆ ಹರಿದರೆ ನಮ್ಮ ಗತಿಯೇನೆಂದು ಇತರ ವಿಭಾಗಗಳವರು ದೂರಿದರು. 1936ರಲ್ಲಿ ಸರ್ ಜೇಮ್ಸ್ ಇರ್ವಿನ್ ಅವರ ಸಮಿತಿ ಬಂದು ಪರಿಶೀಲಿಸಿತು. ಸಂಸ್ಥೆಯ ಭಾರಕೇಂದ್ರವೇ ಭೌತವಿಜ್ಞಾನದ ಕಡೆಗೆ ವಾಲಿದೆಯೆಂದೂ, ಬಾರ್ನ್ ಅವರ ನೇಮಕದ ಖರ್ಚನ್ನು ಸಂಸ್ಥೆ ತಾಳಲಾರದೆಂದೂ ವರದಿ ಮಾಡಿತು. 1937ರಲ್ಲಿ ರಾಮನ್ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ಮಾತ್ರ 1948ರವರೆಗೆ ಅಲ್ಲಿಯೇ ಮುಂದುವರಿದರು. ಬೆಂಗಳೂರಿನಲ್ಲಿ ನೆಲೆ ಸಿಗದ ಬಾರ್ನ್ ಎಡಿನ್‌ಬರೋ ನಗರದಲ್ಲಿ ಪ್ರಾಧ್ಯಾಪಕರಾದರು. 1954ರಲ್ಲಿ ಅವರಿಗೂ ನೊಬೆಲ್ ಬಂದಿತು.

ಈ ಪ್ರಕರಣದಲ್ಲಿ ತಪ್ಪು ಯಾರದು? ರಾಮನ್ನರನ್ನು ಸಣ್ಣ ಮನಸ್ಸಿನವರು ಕಾಡಿದರೆಂದು ಹೇಳುವುದು ಸುಲಭ, ಹಾಗೆ ಹೇಳುವವರೂ ಬಹಳ ಮಂದಿ. ನಮಗೆ ಅಷ್ಟು ಸರಳವಾಗಿ ಕಾಣುವುದಿಲ್ಲ. ರಸಾಯನ ವಿಭಾಗದ ವಿದ್ಯಾರ್ಥಿಗೂ ಆ ದಾನದಲ್ಲಿ ಪಾಲಿತ್ತು. ಅವನ ಪರವಾಗಿ ಕೇಳುವವರು ಇರಲೇಬೇಕಾಗಿತ್ತು. ಆದರೆ ಖರ್ಚು ಹೆಚ್ಚೆಂದು ಬರೆದುಕೊಟ್ಟವರು, ಹಣವನ್ನು ಬೇರೆಲ್ಲಿಂದ ತರಬಹುದೆಂದು ಅಷ್ಟೇ ಶ್ರದ್ಧೆಯಿಂದ ಹುಡುಕಿದ್ದರೆ ಬೆಂಗಳೂರು ಒಬ್ಬ ಮಹಾ ವಿಜ್ಞಾನಿಯನ್ನು ಉಳಿಸಿಕೊಳ್ಳುತ್ತಿತ್ತೋ ಏನೋ. ಬೇಡವೆನ್ನಲು ಅಧಿಕಾರವಿದ್ದ ಕಚೇರಿಗೆ, ಹೇಗಾದರೂ ಆಗಲಿ ಎನ್ನುವ ಹೊಣೆಯೂ ಇರಬೇಕಲ್ಲವೇ?

ಈಗ ಯು.ಸಿ.ಯ ವಿಚಾರಕ್ಕೆ ಬರೋಣ. ಮೂರು ವರ್ಷದ ಯೋಜನೆಯ ಹಣ ಒಂದೇ ಗಂಟಿನಲ್ಲಿ ಬರುವುದಿಲ್ಲ, ಕಂತುಕಂತಾಗಿ ಬರುತ್ತದೆ. ಮೊದಲ ಕಂತಿನ ಲೆಕ್ಕ ತಲುಪದೆ ಎರಡನೆಯ ಕಂತು ಹೊರಡದು. ಲೆಕ್ಕವನ್ನು ಪ್ರಧಾನ ಸಂಶೋಧಕರು ಬರೆದು ಕೊಡಬೇಕು, ಹಣಕಾಸು ವಿಭಾಗ ತಾಳೆ ನೋಡಬೇಕು, ಸಂಸ್ಥೆಯ ಮುಖ್ಯಸ್ಥರು ರುಜು ಹಾಕಬೇಕು. ಇಷ್ಟರಲ್ಲಿ ಎಲ್ಲೋ ಒಂದು ಬಿಲ್ಲು ತಪ್ಪು ಶೀರ್ಷಿಕೆಗೆ ಸೇರಿರುತ್ತದೆ; ರಾಸಾಯನಿಕಕ್ಕೆ ಇಟ್ಟ ಹಣದಲ್ಲಿ ಕಾಗದ ಕೊಂಡಿರುತ್ತಾರೆ. ಕಡತ ಹಿಂದಿರುಗುತ್ತದೆ. ಪ್ರಾಧ್ಯಾಪಕರು ಪರೀಕ್ಷಾ ಕೆಲಸದಲ್ಲಿರುತ್ತಾರೆ. ಗುಮಾಸ್ತರು ವರ್ಗವಾಗಿರುತ್ತಾರೆ. ದೆಹಲಿಯಲ್ಲಿ ಮಾರ್ಚ್ 31 ಕಳೆದುಹೋಗುತ್ತದೆ.

ಈ ವಿಳಂಬದಿಂದ ಪ್ರಾಧ್ಯಾಪಕರ ಸಂಬಳ ನಿಲ್ಲುವುದಿಲ್ಲ. ಗುಮಾಸ್ತರ ಸಂಬಳವೂ ನಿಲ್ಲುವುದಿಲ್ಲ. ನಿಲ್ಲುವುದು ಆ ಯೋಜನೆಯಲ್ಲಿ ದುಡಿಯುವ ಸಂಶೋಧನಾ ಸಹಾಯಕನ ಮಾಸಾಶನ. ಅವನ ಬಡತನವನ್ನು ನೋಡಿಯೇ ಈ ಲೇಖನ ಬರೆಯಲು ನಮಗೆ ಮನಸ್ಸಾಯಿತು. ನಮಗೆ ಪರಿಚಿತನಾದ ತರುಣನೊಬ್ಬ, ತಂದೆಯಿಲ್ಲದವನು, ತಾಯಿ ಹೊಲಿಗೆ ಹಾಕಿ ಓದಿಸಿದವಳು, ವಿಜ್ಞಾನ ವಿಭಾಗವೊಂದರಲ್ಲಿ ಯೋಜನಾ ಸಹಾಯಕನಾಗಿದ್ದ. ಎಂಟು ತಿಂಗಳು ಅವನಿಗೆ ಒಂದು ರೂಪಾಯಿಯೂ ಬರಲಿಲ್ಲ. ಹಗಲು ಪ್ರಯೋಗಾಲಯ, ಸಂಜೆ ಮನೆಪಾಠ. ತಾಯಿಗೆ ಮಾತ್ರ ಪ್ರತಿ ತಿಂಗಳೂ ಹಣ ಬರುತ್ತಿದೆಯೆಂದು ಹೇಳಿ, ಸ್ನೇಹಿತರ ಬಳಿ ಸಾಲ ತಂದು ಊರಿಗೆ ಕಳಿಸುತ್ತಿದ್ದ. ಕೊನೆಗೆ ತಿಳಿದುಬಂದ ಕಾರಣವೆಂದರೆ, ಹಿಂದಿನ ವರ್ಷದ ಬಳಕೆ ಪತ್ರದಲ್ಲಿ ಒಂದು ಪ್ರಯಾಣ ಬಿಲ್ಲಿನ ಮೂಲಪ್ರತಿ ಸಿಕ್ಕಿರಲಿಲ್ಲ. ಬಿಲ್ಲು ಅವನದಲ್ಲ. ಮೊತ್ತವೂ ದೊಡ್ಡದಲ್ಲ. ಹುಡುಕಿಕೊಡಲು ಯಾರಿಗೂ ಅವಸರವಿರಲಿಲ್ಲ, ಅಷ್ಟೆ. ಅವನು ಒಂದು ದಿನ ನಮ್ಮೆದುರು ಕುಳಿತು, “ಗುರುಗಳೇ, ಪ್ರಯೋಗ ಕೆಟ್ಟರ ಮತ್ತ ಮಾಡಬಹುದ್ರಿ, ಕಡತ ಎಲ್ಲೈತಿ ಅಂತ ಯಾರನ್ನ ಕೇಳೂದ್ರಿ?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಅವನು ಆ ವರ್ಷವೇ ಸಂಶೋಧನೆಯನ್ನು ಬಿಟ್ಟು ಔಷಧಿ ಕಂಪನಿಯ ಪ್ರತಿನಿಧಿಯಾಗಿ ಹೋದ.

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಲ್ಲಿ ಗೆದ್ದು ಕಿರಿಯ ಸಂಶೋಧನಾ ವೃತ್ತಿ ಪಡೆದವರ ಸ್ಥಿತಿ ಇದಕ್ಕಿಂತ ಉತ್ತಮ. 2023ರ ಜನವರಿಯಿಂದ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಆ ಮೊತ್ತವನ್ನು ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೂ, ಹಿರಿಯ ವೃತ್ತಿಯನ್ನು 35,000ದಿಂದ 42,000ಕ್ಕೂ ಏರಿಸಿತು. ಹಣ ನೇರವಾಗಿ ವಿದ್ಯಾರ್ಥಿಯ ಖಾತೆಗೇ ಬರುತ್ತದೆ. ಆದರೂ ಕಚೇರಿಯ ಹಂಗು ತಪ್ಪಲಿಲ್ಲ. ಈ ವಿದ್ಯಾರ್ಥಿ ಕೆಲಸದಲ್ಲಿದ್ದಾನೆಂದು ವಿಶ್ವವಿದ್ಯಾನಿಲಯದ ಒಬ್ಬರು ಗಣಕಯಂತ್ರದಲ್ಲಿ ದಾಖಲಿಸಬೇಕು. ಅದನ್ನು ಮತ್ತೊಬ್ಬರು ಪರಿಶೀಲಿಸಿ ದೃಢಪಡಿಸಬೇಕು. ಇಬ್ಬರಲ್ಲಿ ಒಬ್ಬರು ರಜೆಯಲ್ಲಿದ್ದು ಬದಲಿ ವ್ಯವಸ್ಥೆ ಇಲ್ಲದಿದ್ದರೆ, ಆ ತಿಂಗಳು ಕೊಠಡಿ ಬಾಡಿಗೆಗೆ ಏನು ಮಾಡಬೇಕೆಂದು ವಿದ್ಯಾರ್ಥಿಯೇ ಯೋಚಿಸಬೇಕು.

ಕಚೇರಿಯವರ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ರಾಜ್ಯದ ವಿಶ್ವವಿದ್ಯಾನಿಲಯಗಳಲ್ಲಿ ಬೋಧಕೇತರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿರುವುದನ್ನು ಎಲ್ಲರೂ ಬಲ್ಲರು. ನಾಲ್ಕು ಮಂದಿಯ ಮೇಜಿನ ಕೆಲಸವನ್ನು ಒಬ್ಬ ಹೊರಗುತ್ತಿಗೆಯ ನೌಕರ ನೋಡಿಕೊಳ್ಳುತ್ತಾನೆ. ಅವನ ಸಂಬಳ ಎಷ್ಟೋ ಸಲ ಸಂಶೋಧಕನ ಮಾಸಾಶನಕ್ಕಿಂತ ಕಡಿಮೆ. ನಿಯಮಗಳಾದರೋ ದಿನಕ್ಕೊಂದು. ಸರ್ಕಾರದ ಇ-ಮಾರುಕಟ್ಟೆಯಲ್ಲಿಯೇ ಕೊಳ್ಳಬೇಕೆಂಬ ಕಟ್ಟಳೆ ಬಂದಾಗ, ಕುರ್ಚಿ ಕೊಳ್ಳುವುದಕ್ಕೂ ಸೂಕ್ಷ್ಮದರ್ಶಕ ಕೊಳ್ಳುವುದಕ್ಕೂ ಒಂದೇ ದಾರಿಯಾಯಿತು. ಅತಿ ಕಡಿಮೆ ಬೆಲೆಗೆ ಬಂದ ಗಾಜಿನ ಸಾಮಾನಿನಲ್ಲಿ ಪ್ರಯೋಗ ಕೆಟ್ಟಿತೆಂದು ವಿಜ್ಞಾನಿಗಳು ದೂರುತ್ತಲೇ ಇದ್ದರು. 2025ರ ಜೂನ್ ತಿಂಗಳಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವೈಜ್ಞಾನಿಕ ಸಂಸ್ಥೆಗಳಿಗೆ ಇದನ್ನು ಸಡಿಲಿಸಿ, ಸಂಶೋಧನೆಗೆ ಬೇಕಾದ ವಸ್ತುಗಳನ್ನು ಹೊರಗೆ ಕೊಳ್ಳಲು ಮುಖ್ಯಸ್ಥರಿಗೆ ಅವಕಾಶ ಕೊಟ್ಟಿತು; ದರಪಟ್ಟಿಯಿಲ್ಲದೆ ಕೊಳ್ಳುವ ಮಿತಿಯನ್ನು 1 ಲಕ್ಷದಿಂದ 2 ಲಕ್ಷ ರೂಪಾಯಿಗೆ ಏರಿಸಿತು. ಸಂಶೋಧನಾ ಅನುದಾನದ ಮೇಲೆಯೇ ಸರಕು ಮತ್ತು ಸೇವಾ ತೆರಿಗೆ ಕೇಳಿ ವಿದ್ಯಾಸಂಸ್ಥೆಗಳಿಗೆ ನೋಟಿಸು ಹೋದದ್ದೂ ಉಂಟು. 2024ರ ಸೆಪ್ಟೆಂಬರಿನಲ್ಲಿ ತೆರಿಗೆ ಮಂಡಳಿ ವಿನಾಯಿತಿ ಘೋಷಿಸುವವರೆಗೆ ಎಷ್ಟು ಹಣಕಾಸು ಅಧಿಕಾರಿಗಳು ನಿದ್ದೆಗೆಟ್ಟರೋ!

ಇನ್ನು ಮೇಲ್ವಿಚಾರಣೆ. ಹಣದ ಮೇಲ್ವಿಚಾರಣೆಯೊಂದೇ ಅಲ್ಲ, ಬರೆದುದರ ಮೇಲೂ ಕಣ್ಣಿರಬೇಕಾದ ಕಾಲ ಬಂದಿದೆ. ಕೃತಿಚೌರ್ಯವನ್ನು ತಡೆಯಲು 2018ರಲ್ಲಿ ಆಯೋಗ ನಿಯಮಾವಳಿ ಹೊರಡಿಸಿತು. ಇತರರ ಬರಹದೊಡನೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40ರವರೆಗಾದರೆ ಪ್ರಬಂಧವನ್ನು ತಿದ್ದಿ ಸಲ್ಲಿಸಬೇಕು. 60 ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕನೇ ಕದ್ದರೆ? 40 ಮೀರಿದಾಗ ಒಂದು ವಾರ್ಷಿಕ ಬಡ್ತಿ ಹೋಗುತ್ತದೆ, ಎರಡು ವರ್ಷ ಹೊಸ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುವಂತಿಲ್ಲ. 60 ಮೀರಿದರೆ ಎರಡು ಬಡ್ತಿ, ಮೂರು ವರ್ಷ. ಸರಿಯಾಗಿ ಹೆಸರಿಸಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಬಾರದೆಂದು ನಿಯಮದಲ್ಲಿ ಸ್ಪಷ್ಟವಾಗಿದೆ. ಆದರೂ ಶಾಸನಪಾಠವನ್ನು ಯಥಾವತ್ತಾಗಿ ಕೊಟ್ಟ ಕನ್ನಡ ಪ್ರಬಂಧವನ್ನು ಯಂತ್ರದ ಅಂಕಿಯನ್ನಷ್ಟೇ ನೋಡಿ ಹಿಂದಿರುಗಿಸುವ ಕಚೇರಿಗಳುಂಟು. ಅಕ್ಷರದ ಹೋಲಿಕೆಯನ್ನು ಯಂತ್ರ ಹಿಡಿಯುತ್ತದೆ. ಪರರ ವಿಚಾರವನ್ನು ಕದ್ದು ತನ್ನ ವಾಕ್ಯದಲ್ಲಿ ಹೇಳಿದವನನ್ನು ಹಿಡಿಯಲು ಇಂದಿಗೂ ಓದಿದ ಮನುಷ್ಯನೇ ಬೇಕು.

2022ರ ನವೆಂಬರಿನ ಪಿಎಚ್.ಡಿ. ನಿಯಮಾವಳಿಯನ್ನು ಮನೆಯವರು ಒಮ್ಮೆ ಕೇಳಿ ತಿಳಿದುಕೊಂಡಿರುವುದು ಒಳ್ಳೆಯದು. ಪ್ರಾಧ್ಯಾಪಕರು ಒಂದು ಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ವಿದ್ಯಾರ್ಥಿಗಳಿಗಿಂತ ಹೆಚ್ಚು ಮಂದಿಗೆ ಮಾರ್ಗದರ್ಶಕರಾಗುವಂತಿಲ್ಲ. ಹೆಣ್ಣುಮಕ್ಕಳಿಗೆ ಅವಧಿಯಲ್ಲಿ ಎರಡು ವರ್ಷ ಹೆಚ್ಚುವರಿ ಅವಕಾಶವಿದೆ. ಹೆರಿಗೆ ಮತ್ತು ಮಗುವಿನ ಪಾಲನೆಗಾಗಿ ಒಟ್ಟು 240 ದಿನಗಳವರೆಗೆ ರಜೆಯಿದೆ. ಮದುವೆಯಾದ ಮೇಲೆ ಸಂಶೋಧನೆ ಸಾಗದೆಂದು ಸೊಸೆಯ ನೋಂದಣಿಯನ್ನು ಬಿಡಿಸಿದ ಮನೆಗಳನ್ನು ನಾವು ಕಂಡಿದ್ದೇವೆ. ಈ ನಿಯಮ ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದ ಕಚೇರಿಯೂ ಹೇಳಿರಲಿಲ್ಲ.

ಮನುಷ್ಯರ ಮೇಲೆ ನಡೆಯುವ ಸಂಶೋಧನೆಯ ವಿಷಯ ಇದೆಲ್ಲಕ್ಕಿಂತ ಗಂಭೀರವಾದುದು. ರಕ್ತ ತೆಗೆಯುವುದು, ಔಷಧಿ ಕೊಡುವುದು, ಮನೆಯ ಒಳಗಿನ ಮಾತನ್ನು ಕೇಳಿ ಬರೆದುಕೊಳ್ಳುವುದು, ಇವೆಲ್ಲಕ್ಕೂ ಮೊದಲು ಸಂಸ್ಥೆಯ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ವೈದ್ಯಕೀಯ ಸಂಶೋಧನಾ ಪರಿಷತ್ತು 1980ರಲ್ಲಿಯೇ ಈ ಬಗ್ಗೆ ನೀತಿ ಪ್ರಕಟಿಸಿತು. 2017ರ ಮಾರ್ಗದರ್ಶಿ ಇಂದು ಬಳಕೆಯಲ್ಲಿದೆ. ಅದರ ಪ್ರಕಾರ ಸಮಿತಿಯಲ್ಲಿ 7ರಿಂದ 15 ಮಂದಿ ಇರಬೇಕು. ಅಧ್ಯಕ್ಷರು ಆ ಸಂಸ್ಥೆಯವರಾಗಿರಬಾರದು. ಕಾನೂನು ಬಲ್ಲವರೊಬ್ಬರು, ಸಮಾಜವಿಜ್ಞಾನಿಯೊಬ್ಬರು, ಇವರೊಡನೆ ಸಾಮಾನ್ಯ ನಾಗರಿಕರೊಬ್ಬರು ಇರಬೇಕು. ಈ ಕೊನೆಯ ಸ್ಥಾನ ನಮಗೆ ಬಹಳ ಮೆಚ್ಚಿಗೆಯಾದುದು. ವಿದ್ವಾಂಸರು ಬರೆದ ಒಪ್ಪಿಗೆ ಪತ್ರ ತನಗೆ ಅರ್ಥವಾಗಲಿಲ್ಲವೆಂದು ಆ ಒಬ್ಬರು ಹೇಳಿದರೆ ಸಾಕು, ಪತ್ರ ಮತ್ತೆ ತಿದ್ದಿ ಬರಬೇಕು.

ಇಷ್ಟು ಎಚ್ಚರವೇಕೆ? 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಮತ್ತು ಗುಜರಾತಿನ ವಡೋದರಾದಲ್ಲಿ, ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಸಾವಿರಾರು ಬಾಲಕಿಯರಿಗೆ ಕೊಡುವ ಅಧ್ಯಯನವೊಂದು ನಡೆಯಿತು. ಅದು ವಿಶ್ವವಿದ್ಯಾನಿಲಯದ ಕೆಲಸವಲ್ಲ. ಅಮೆರಿಕದ ಸಂಸ್ಥೆಯೊಂದರೊಡನೆ ನಮ್ಮ ವೈದ್ಯಕೀಯ ಸಂಶೋಧನಾ ಪರಿಷತ್ತೇ ಕೈಜೋಡಿಸಿತ್ತು. 2010ರ ಏಪ್ರಿಲಿನಲ್ಲಿ ಅದನ್ನು ನಿಲ್ಲಿಸಲಾಯಿತು. ಕೆಲವು ಬಾಲಕಿಯರು ತೀರಿಕೊಂಡಿದ್ದರು. ಸಾವಿಗೆ ಲಸಿಕೆ ಕಾರಣವಾಗಿರುವ ಸಂಭವ ಇಲ್ಲವೆಂದು ಸರ್ಕಾರದ ವಿಚಾರಣೆ ಹೇಳಿತು. ಲಸಿಕೆಯೂ ಒಳ್ಳೆಯದೇ, ಅನೇಕ ದೇಶಗಳಲ್ಲಿ ಅದು ಬಳಕೆಯಲ್ಲಿದೆ. ಹಾಗಿದ್ದರೂ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಬರೆದದ್ದು ಒಪ್ಪಿಗೆಯ ಬಗ್ಗೆ. ವಸತಿಶಾಲೆಗಳಲ್ಲಿ ತಂದೆತಾಯಿಗಳ ಬದಲು ವಾರ್ಡನ್ನರು, ಮುಖ್ಯೋಪಾಧ್ಯಾಯರು ರುಜು ಹಾಕಿದ್ದರು.

ಈ ಸಂಗತಿ ನಮ್ಮ ಸಮಾಜಕ್ಕೆ ದೂರದ್ದಲ್ಲ. ಊರೂರಿನಲ್ಲಿ ನಮ್ಮ ಮಠಗಳ ಪ್ರಸಾದ ನಿಲಯಗಳಿವೆ. ಸಾವಿರಾರು ಬಡಮಕ್ಕಳು ಅಲ್ಲಿದ್ದು ಓದುತ್ತಾರೆ. ಕೆಲವು ವರ್ಷಗಳ ಹಿಂದೆ ಇಂಥದೊಂದು ನಿಲಯಕ್ಕೆ ಸಂಶೋಧಕರ ತಂಡವೊಂದು ಬಂದು, ಮಕ್ಕಳ ರಕ್ತದಲ್ಲಿ ಕಬ್ಬಿಣಾಂಶ ನೋಡಬೇಕೆಂದೂ, ಮೇಲ್ವಿಚಾರಕರ ಒಂದು ರುಜು ಸಾಕೆಂದೂ ಹೇಳಿದ್ದನ್ನು ನಾವು ಬಲ್ಲೆವು. ಉದ್ದೇಶ ಒಳ್ಳೆಯದೇ ಇತ್ತು. ನೈತಿಕತಾ ಸಮಿತಿಯ ಪತ್ರ ತೋರಿಸಿರೆಂದಾಗ, ತರುತ್ತೇವೆಂದು ಹೋದವರು ಮರಳಿ ಬರಲಿಲ್ಲ. 18 ತುಂಬದ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕು. 7 ವರ್ಷ ಮೀರಿದ ಮಗುವನ್ನೂ ಕೇಳಬೇಕೆಂದು ಅದೇ ಮಾರ್ಗದರ್ಶಿ ಹೇಳುತ್ತದೆ. ಪ್ರಸಾದ ನಿಲಯದ ಹಿರಿಯರು ಮಕ್ಕಳಿಗೆ ತಂದೆತಾಯಿಗಳ ಸಮಾನರು ನಿಜ. ಆದರೆ ರುಜುವಿನ ವಿಷಯದಲ್ಲಿ ತಂದೆತಾಯಿಗಳೇ ತಂದೆತಾಯಿಗಳು.

ಅಮೆರಿಕಕ್ಕೆ ಹೋಗಿ ಸಂಶೋಧನೆ ಮಾಡುತ್ತಿರುವ ನಮ್ಮ ಮಕ್ಕಳು ರಜೆಗೆ ಬಂದಾಗ, ಅಲ್ಲಿನ ಕಚೇರಿಗಳನ್ನು ಹೊಗಳುವುದನ್ನು ಕೇಳಿದ್ದೇವೆ. ಅರ್ಜಿ ಬರೆಯಲು, ಆಯವ್ಯಯ ಹಾಕಲು, ಒಪ್ಪಂದ ನೋಡಲು ಅಲ್ಲಿ ಬೇರೆ ಬೇರೆ ಸಿಬ್ಬಂದಿ ಇರುತ್ತಾರಂತೆ. ಇದು ನಿಜ. ಆದರೆ ಅದಕ್ಕೆ ಬೆಲೆಯೂ ಇದೆ. ಸಂಶೋಧನೆಯ ನೇರ ಖರ್ಚಿನ ಮೇಲೆ ಕಟ್ಟಡ, ವಿದ್ಯುತ್ತು, ಕಚೇರಿಗಳಿಗಾಗಿ ಅಲ್ಲಿನ ದೊಡ್ಡ ವಿಶ್ವವಿದ್ಯಾನಿಲಯಗಳು ನೂರಕ್ಕೆ 50 ಮತ್ತು ಅದಕ್ಕೂ ಹೆಚ್ಚು ಪಡೆಯುತ್ತವೆ. ನಮ್ಮಲ್ಲಿ ಓವರ್‌ಹೆಡ್ ಎಂದು ಸಿಗುವುದು ಸಾಮಾನ್ಯವಾಗಿ ನೂರಕ್ಕೆ 10ರ ಆಸುಪಾಸು. ಹೆಚ್ಚು ಸಿಕ್ಕಲ್ಲಿ ಅಡ್ಡದಾರಿಯೂ ತೆರೆಯಿತು. 1991ರಲ್ಲಿ ಪ್ರಖ್ಯಾತವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲೆಕ್ಕವನ್ನು ಅಮೆರಿಕದ ಸಂಸತ್ತು ಕೆದಕಿದಾಗ, ಈ ಬಾಬ್ತಿನಲ್ಲಿ ವಿಹಾರ ನೌಕೆಯೊಂದರ ಸವಕಳಿಯೂ, ಅಧ್ಯಕ್ಷರ ನಿವಾಸದ ಹೂವಿನ ಖರ್ಚೂ ಸೇರಿದ್ದವು. ಅಧ್ಯಕ್ಷ ಡೊನಾಲ್ಡ್ ಕೆನಡಿ ಪದವಿ ಬಿಡುವುದಾಗಿ ಆ ವರ್ಷವೇ ಪ್ರಕಟಿಸಿದರು. ಆಡಳಿತದ ಪಾಲು ನೂರಕ್ಕೆ 26ನ್ನು ಮೀರಬಾರದೆಂದು ಸರ್ಕಾರ ಮಿತಿ ಹಾಕಿತು. 1994ರಲ್ಲಿ ಪ್ರಕರಣ ಇತ್ಯರ್ಥವಾದಾಗ ವಂಚನೆ ನಡೆದಿಲ್ಲವೆಂದು ಸರ್ಕಾರವೇ ಒಪ್ಪಿತೆಂಬುದನ್ನೂ ಹೇಳಬೇಕು. 2025ರ ಫೆಬ್ರವರಿಯಲ್ಲಿ ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಈ ಇಡೀ ಬಾಬ್ತನ್ನು ನೂರಕ್ಕೆ 15ಕ್ಕೆ ಇಳಿಸಹೊರಟಿತು. ವಿಶ್ವವಿದ್ಯಾನಿಲಯಗಳು ನ್ಯಾಯಾಲಯಕ್ಕೆ ಹೋದವು, ನ್ಯಾಯಾಲಯ ತಡೆಯಿತು. ಕಾಯುವವನನ್ನು ಕಾಯುವವರಾರು ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲಿಯೂ ಒಂದೇ.

ನಮ್ಮಲ್ಲಿ ಈ ಪ್ರಶ್ನೆ ಇನ್ನು ಮುಂದೆ ಹೆಚ್ಚು ಏಳಲಿದೆ. 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಸ್ಥಾಪನೆಯಾಗಿ, ಹಿಂದಿನ ವಿಜ್ಞಾನ ಮತ್ತು ಇಂಜಿನಿಯರಿಂಗ್ ಸಂಶೋಧನಾ ಮಂಡಳಿ ಅದರಲ್ಲಿ ವಿಲೀನವಾಯಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಸರ್ಕಾರ ಅಂದಾಜು ಹೇಳಿತ್ತು; ಅದರಲ್ಲಿ 36,000 ಕೋಟಿ ಉದ್ಯಮಿಗಳಿಂದ, ದಾನಿಗಳಿಂದ ಬರಬೇಕೆಂಬುದು ಆಗಿನ ಲೆಕ್ಕ. ಖಾಸಗಿ ಹಣ ಬಂದಾಗ ಫಲಿತಾಂಶ ಯಾರದು, ಪ್ರತಿಕೂಲವಾದ ಫಲಿತಾಂಶವನ್ನು ಪ್ರಕಟಿಸಬಹುದೇ, ಪೇಟೆಂಟು ಯಾರ ಹೆಸರಿಗೆ ಎಂಬುದನ್ನೆಲ್ಲ ಒಪ್ಪಂದದ ಮೊದಲ ಪುಟದಲ್ಲಿಯೇ ನೋಡಬಲ್ಲ ಸಿಬ್ಬಂದಿ ಕಚೇರಿಯಲ್ಲಿರಬೇಕು. ಖಾಲಿ ಹುದ್ದೆಗಳ ಕಚೇರಿಯಿಂದ ಇದು ಆಗತಕ್ಕ ಕೆಲಸವಲ್ಲ. ನಮ್ಮ ಸಮಾಜದ ಸಂಸ್ಥೆಗಳು ನಡೆಸುವ ಖಾಸಗಿ ವಿಶ್ವವಿದ್ಯಾನಿಲಯಗಳೂ ಕಟ್ಟಡಕ್ಕೆ ಸುರಿದ ಹಣದಲ್ಲಿ ಸ್ವಲ್ಪವನ್ನಾದರೂ ಇದಕ್ಕೆ ಇಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ.

ಮಕ್ಕಳನ್ನು ಸಂಶೋಧನೆಗೆ ಸೇರಿಸುವ ಮುನ್ನ ತಂದೆತಾಯಿಗಳು ಒಂದು ದಿನ ಹೋಗಿ ಆ ವಿಭಾಗದ ಹಿರಿಯ ವಿದ್ಯಾರ್ಥಿಗಳನ್ನು ಮಾತನಾಡಿಸಬೇಕು. ಕಳೆದ ವರ್ಷ ಮಾಸಾಶನ ಎಷ್ಟು ತಿಂಗಳು ತಡವಾಯಿತೆಂದು ಕೇಳಬೇಕು. ಮಾರ್ಗದರ್ಶಕರ ಬಳಿ ಈಗ ಎಷ್ಟು ಮಂದಿ ಇದ್ದಾರೆಂದು ಕೇಳಬೇಕು. ಸೇರಿದ ಮೇಲೆ ಹಣ ನಿಂತರೆ ಮಕ್ಕಳು ನಾಚಿಕೆಯಿಂದ ಮನೆಯಲ್ಲಿ ಹೇಳುವುದಿಲ್ಲ, ಮನೆಯವರೇ ವಿಚಾರಿಸಬೇಕು. ಮೊದಲು ಕುಲಸಚಿವರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದಕ್ಕೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ, ಇಂಥ ಯೋಜನೆಯ ಹಣಬಳಕೆ ಪ್ರಮಾಣಪತ್ರ ಯಾವ ದಿನಾಂಕ ಹೋಯಿತು, ಹೋಗದಿದ್ದರೆ ಕಡತ ಯಾರ ಮೇಜಿನ ಮೇಲಿದೆ ಎಂದು ಎರಡೇ ಸಾಲಿನಲ್ಲಿ ಕೇಳಬಹುದು. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆಂದೇ ಒಬ್ಬ ಮಾಹಿತಿ ಅಧಿಕಾರಿ ಇರುತ್ತಾರೆ. ಅರ್ಜಿಯ ಶುಲ್ಕ 10 ರೂಪಾಯಿ. ಉತ್ತರ 30 ದಿನಗಳೊಳಗೆ ಬರಬೇಕು.